ಕೆಂಪು ದಾರ ಸುತ್ತಿದ ಬನ್ನಿ

"ಅಂಕಲ್, ಇದೇನು? ಒಣಗಿದ ಕರಿಬೇವಾ?"

ಗ್ರೀಷ್ಮಾಳ ಎರಡು ಬೆರಳ ನಡುವೆ ಸಣ್ಣ ಟೊಂಗೆಯೊಂದು ತೂಗುತ್ತಿತ್ತು. ಬಸವಂತನ ಬಾಯಿಗೆ ಹೊರಟಿದ್ದ ಪೋಹಾದ ಚಮಚ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು.

ಗಾಡಿಯವನಿಗೆ ದುಡ್ಡು ಕೊಡಲು ಅವನು ಕೊರಳಲ್ಲಿ ತೂಗುವ ಐಡಿ ಕಾರ್ಡಿನ ಪ್ಲಾಸ್ಟಿಕ್ ಪಾಕೀಟು ಬಿಚ್ಚಿದ್ದ. ನೋಟಿನ ಬೆನ್ನಿಗೆ ಅಂಟಿಕೊಂಡು ಟೊಂಗೆಯೂ ಹೊರಗೆ ಬಂದು ಬೆಂಚಿನ ಮೇಲೆ ಬಿದ್ದಿತ್ತು. ತರ್ರಿಯಲ್ಲಿ ಬೀಳದೆ ಉಳಿದದ್ದು ಅದರ ಪುಣ್ಯ. ಪೋಹಾದ ಮೇಲೆ ಸುರಿಯುವ ಆ ಕಡಲೆಯ ಖಾರದ ಸಾರು ಇದೆಯಲ್ಲ, ಅದರ ಒಂದು ಹನಿ ಒಮ್ಮೆ ಯಾರದೋ ಸ್ಕೂಟರಿನ ಟ್ಯಾಂಕಿಗೆ ಬಿದ್ದು, ಸ್ಕೂಟರು ಪೆಟ್ರೋಲಿಲ್ಲದೆ ನಾಗಪುರದಿಂದ ಮೌದಾ ಊರು ಮುಟ್ಟಿ ವಾಪಸು ಬಂತಂತೆ. ಗಾಡಿಯವನೇ ಹೇಳಿದ್ದು. ಸುಳ್ಳಾದರೆ ಪಾಪ ಅವನಿಗೆ.

"ಕರಿಬೇವಲ್ಲವ್ವಾ." ಬಸವಂತ ಕೈ ಚಾಚಿದ. "ಬನ್ನಿ. ದಸರಾದ ಬನ್ನಿ."

"ಓ, ಬನ್ನಿ ಮರದ್ದಾ? ಕೇಳಿದೀನಿ." ಅವಳು ಕೊಡದೆ ತಿರುಗಿಸಿ ತಿರುಗಿಸಿ ನೋಡಿದಳು. "ಮುಳ್ಳಿದೆ. ಕೆಂಪು ದಾರ ಬೇರೆ ಸುತ್ತಿದೆ. ಇದನ್ನ ಯಾಕೆ ಇಟ್ಕೊಂಡಿದೀರಾ?"

"ಬಂಗಾರ ಅಂತ ಇಟ್ಟಕೋತೀವಿ. ಒಬ್ಬರಿಗೊಬ್ಬರು ಕೊಟ್ಟು, 'ಬಂಗಾರ ತಗೊಂಡು ಬಂಗಾರದಂಗ ಇರೋಣು' ಅಂತೀವಿ. ನಿಮ್ಮ ಮನ್ಯಾಗ ಕೊಡೂದಿಲ್ಲೇನು?"

"ಇಲ್ಲಪ್ಪಾ. ನಮ್ಮಲ್ಲಿ ಆಯುಧಪೂಜೆ ದಿನ ಗಾಡಿ ತೊಳೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸ್ತೀವಿ ಅಷ್ಟೆ. ನಮ್ಮ ಮನೇಲಿ ಎಲೆಗಿಲೆ ಯಾರೂ ಕೊಟ್ಟಿದ್ದು ನೆನಪಿಲ್ಲ."

ತರ್ರಿ ಬಸವಂತನ ನೆತ್ತಿಗೇರಿತು. ಕೆಮ್ಮಿದ. ಕಣ್ಣು ಮೂಗು ಎರಡರಲ್ಲೂ ನೀರು. ಗ್ರೀಷ್ಮಾ ಎದ್ದು ಬಂದು ನೀರಿನ ಲೋಟ ಹಿಡಿದು ಅವನ ಬೆನ್ನು ತಟ್ಟಿದಳು.

ಆ ಬೆನ್ನು ತಟ್ಟುವ ಕೈ ಇವಳದಾಗಬಾರದಿತ್ತು.

ಈ ಹುಡುಗಿ ಯಾವತ್ತೂ ಎತ್ತದ ಐದು ಲಕ್ಷದ ಸಾಲವೊಂದು ಅವಳ ಹೆಸರಲ್ಲಿ ಬಾಕಿ ನಿಂತಿತ್ತು. ಎತ್ತಿದ ಕಳ್ಳಿಯನ್ನು ಹಿಡಿದುಕೊಡಿ ಎಂದು ಅವಳು ಬಸವಂತನನ್ನು ನಂಬಿ ಬಂದಿದ್ದಳು.

ಬಸವಂತನ ಕೆಲಸವೇ ಅಂಥದ್ದು. ವಾಯುಸೇನೆಯಲ್ಲಿ ವಿಮಾನದ ಬೋಲ್ಟು ಬಿಗಿದು ಬಿಗಿದು ನಿವೃತ್ತನಾದವನು, ಈಗ ಬ್ಯಾಂಕುಗಳ ಪರವಾಗಿ ಸಾಲ ಕೇಳಿದವರ ಮನೆಗೆ ಹೋಗಿ ನೋಡಿ ಬರುತ್ತಾನೆ. ಮನೆ ಇದೆಯೇ, ಮನುಷ್ಯರು ಅವರೇ ಹೌದೇ, ಪಕ್ಕದ ಮನೆಯವರು ಏನನ್ನುತ್ತಾರೆ ಎಲ್ಲ ವಿಚಾರಿಸಿ 'ಬರೋಬರ್' ಎಂದು ಬರೆದರೆ ಸಾಲ ಉಂಟು, ಇಲ್ಲದಿದ್ದರೆ ಇಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತದೆ ಲೋಕ. ಇವನ ಹೊಟ್ಟೆಪಾಡೇ ಜಂತೆ ಎಣಿಸುವುದು. ಕಿಟಕಿಯ ಪರದೆ ನೋಡಿ ಎಷ್ಟು ಬಾಡಿಗೆ ಬಾಕಿ ಎಂದು ಹೇಳುತ್ತಿದ್ದ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ, ಒಳಗೆ ಕೂತಿರುವ ಗಂಡ ಬಾಡಿಗೆಯ ಗಂಡನೆಂದು ಹಿಡಿಯುತ್ತಿದ್ದ.

ಅಂಥವನು ಎಣಿಸದೆ ಬಿಟ್ಟ ಮನೆ ಒಂದೇ ಒಂದು. ಅದು ಆ ಸುಳ್ಳು ಗ್ರೀಷ್ಮಾಳ ಮನೆ.

ಆ ಮಾತನ್ನು ಅವನು ಈ ನಿಜದ ಗ್ರೀಷ್ಮಾಳಿಗೆ ಇನ್ನೂ ಹೇಳಿರಲಿಲ್ಲ.

"ಬಿಲ್ಡರ್ ಫೋನ್ ಮಾಡಿದ್ದ ಅಂಕಲ್." ಗ್ರೀಷ್ಮಾ ಮತ್ತೆ ಬೆಂಚಿನ ಮೇಲೆ ಕೂತಳು. "ಸೋಮವಾರದೊಳಗೆ ಬ್ಯಾಂಕ್‌ನೋರ ಒಪ್ಪಿಗೆ ಬರದಿದ್ರೆ ಫ್ಲ್ಯಾಟ್ ಬೇರೆಯವರಿಗಂತೆ. ನಾನು ಕೊಟ್ಟ ಟೋಕನ್ನೂ ಗೋವಿಂದ."

"ನಿನ್ನ ಉಳಿದ ಸಾಲಕ್ಕ ಏನಂದ್ರು ಬ್ಯಾಂಕಿನವರು?"

"ಅದಕ್ಕೇನೂ ತಕರಾರಿಲ್ಲ. ಓದಿನ ಸಾಲ ಕಟ್ತಾ ಇದೀನಿ, ಸ್ಕೂಟಿದೂ ಕಟ್ತಾ ಇದೀನಿ. ಒಂದು ಕಂತೂ ತಪ್ಪಿಸಿಲ್ಲ. ಮ್ಯಾನೇಜರ್ರೇ ಅಂದ್ರು, ಸಾಲ ಇರೋದು ತಪ್ಪಲ್ಲ, ತಪ್ಪಿಸೋದು ತಪ್ಪು, ಸಂಬಳದಲ್ಲಿ ಎರಡೂ ಕಳೆದ್ರೂ ಮನೆ ಕಂತಿಗೆ ಜಾಗ ಇದೆ ಅಂತ. ಆ ಮೂರನೇದೊಂದು ಇಲ್ದಿದ್ರೆ ಇಷ್ಟೊತ್ತಿಗೆ ಕೀ ನನ್ನ ಕೈಲಿರ್ತಿತ್ತು."

ಗ್ರೀಷ್ಮಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಡಾಕ್ಟರು. ಸ್ವಂತ ಬಾಗಿಲಿಗೆ ತೋರಣ ಕಟ್ಟಿದವರು ಅವಳ ಮನೆತನದಲ್ಲಿ ಇಲ್ಲ. ಗೋಡೆಗೆ ಮೊಳೆ ಹೊಡೆಯಲು ಬಾಡಿಗೆ ಮನೆಯವರು ಬಿಡುವುದಿಲ್ಲವೆಂದು, ತೀರಿಕೊಂಡ ಗಂಡನ ಫೋಟೋವನ್ನು ಅವಳ ತಾಯಿ ಬೆಂಗಳೂರಿನಲ್ಲಿ ಮನೆಯಿಂದ ಮನೆಗೆ ಕುರ್ಚಿಯ ಮೇಲೆ ಕೂರಿಸಿಕೊಂಡೇ ಬಂದಿದ್ದಳು. ನೆಂಟರು ಬಂದರೆ ಒಂದು ಕುರ್ಚಿ ಕಡಿಮೆ.

"ಮೊದಲನೇ ಮೊಳೆ ಅಪ್ಪಂದು ಅಂಕಲ್, ಆಮೇಲೆ ಕ್ಯಾಲೆಂಡರ್ದು." ಅವಳು ನಗಲು ನೋಡಿದಳು, ಆಗಲಿಲ್ಲ. "ನಿಕಿತಾ ಇಲ್ದಿದ್ರೆ ನಾನು ಬ್ಯಾಗ್ ಕಟ್ಕೊಂಡು ಬೆಂಗಳೂರಿಗೆ ಓಡಿಹೋಗಿರ್ತಿದ್ದೆ. ಒಂದೇ ರೂಮಲ್ಲಿ ಇರೋರು ಇಷ್ಟೆಲ್ಲ ಯಾರು ಮಾಡ್ತಾರೆ? ಬಿಲ್ಲಿಂಗ್ ಕೌಂಟರ್ ಕೆಲಸ ಮುಗಿಸಿ ಬಂದು, ನನಗೆ ಅನ್ನ ಮಾಡಿ ಬಡಿಸ್ತಾಳೆ."

"ಚಲೋ ಹುಡುಗಿ," ಅಂದ ಬಸವಂತ. ಆ ನಿಕಿತಾಳನ್ನು ಅವನು ಕಂಡಿರಲಿಲ್ಲ. ಇನ್ನೊಬ್ಬರ ಒಳ್ಳೆಯತನದ ಮಾತು ಕೇಳುವುದು ಅವನಿಗೆ ಈಚೆಗೆ ಕಷ್ಟವಾಗುತ್ತಿತ್ತು.

"ಇನ್ನೊಂದು ಅಂಕಲ್. ಆ ಸುಳ್ಳು ವಿಳಾಸಕ್ಕೆ ಹೋಗಿ 'ಎಲ್ಲಾ ಸರಿ' ಅಂತ ಬರೆದುಕೊಟ್ಟ ಮಹಾಶಯ ಇದಾನಲ್ಲ, ಅವನ ಹೆಸರು ಬ್ಯಾಂಕ್‌ನೋರು ಇವತ್ತು ಸಂಜೆ ಹೇಳ್ತಾರಂತೆ. ಸಿಗಲಿ ಅವನು. ಎಷ್ಟು ತಿಂದಿದಾನೋ ಅಷ್ಟೂ ಕಕ್ಕಿಸ್ತೀನಿ."

ಬಸವಂತ ಏನೂ ತಿಂದಿರಲಿಲ್ಲ. ಹೇಳಿದರೆ ಯಾರು ನಂಬಬೇಕು? ಲಂಚ ತಿಂದವನಿಗೆ ಲಂಚವಾದರೂ ದಕ್ಕಿರುತ್ತದೆ.

"ಪಾಪ, ಅವಂಗೂ ಏನರೆ ಆಗಿರಬೇಕು ಬಿಡವ್ವಾ."

"ಪಾಪನಾ? ಅವನಿಗಾ?" ಗ್ರೀಷ್ಮಾ ತಲೆಯಾಡಿಸಿದಳು. "ನೀವು ತುಂಬಾ ಒಳ್ಳೇವ್ರು ಅಂಕಲ್."

ಆ ಮಾತಿನ ಮುಂದೆ ತರ್ರಿ ಸಪ್ಪೆ.

ಅವಳ ಸ್ಕೂಟಿ ತಿರುವಿನಲ್ಲಿ ಮರೆಯಾದ ಮೇಲೂ ಬಸವಂತ ಬೆಂಚು ಬಿಟ್ಟೇಳಲಿಲ್ಲ. ಅಂಗೈಯಲ್ಲಿ ಟೊಂಗೆ. ಇಷ್ಟು ದಿನ ಅದನ್ನು ಮುಟ್ಟಲು ಅಂಜಿ ಪಾಕೀಟಿನಲ್ಲೇ ಮುಚ್ಚಿಟ್ಟಿದ್ದ. ಮುಚ್ಚಿಟ್ಟ ಪಾಪ ಬಾಡಿದ ಬಳಿಕವೂ ಮುಳ್ಳು ಬಿಡುವುದಿಲ್ಲ.

ಅದು ಕೈಗೆ ಬಂದದ್ದು ಹೋದ ದಸರಾದಲ್ಲಿ, ಬನ್ನಿ ಹಬ್ಬದ ಮರುದಿನ. ಮನೀಶ್ ನಗರದ ಅಪಾರ್ಟ್‌ಮೆಂಟೊಂದರ ಬಾಗಿಲು. ತೆರೆದವಳು ಆಗಷ್ಟೇ ಹೊರಗಿನಿಂದ ಬಂದವಳು, ಓಢಣಿ ಇನ್ನೂ ಮುಖದ ಮೇಲೇ ಇತ್ತು. ಇಲ್ಲಿನ ಹುಡುಗಿಯರು ಬಿಸಿಲಿಗೆ ಧೂಳಿಗೆ ಓಢಣಿಯನ್ನು ಕಣ್ಣಷ್ಟೇ ಬಿಟ್ಟು ಹೇಗೆ ಸುತ್ತುತ್ತಾರೆಂದರೆ, ಹೆತ್ತ ತಾಯಿ ಎದುರಿಗೆ ಬಂದರೂ 'ನೀವು ಯಾರ ಪೈಕಿ?' ಎಂದು ಕೇಳಬೇಕು.

ಅವನು ಬ್ಯಾಂಕಿನ ಹೆಸರು ಹೇಳಿ, ಓಢಣಿ ಬಿಚ್ಚಮ್ಮ, ಫೋಟೋದ ಜೊತೆ ತಾಳೆ ನೋಡಬೇಕು ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅವಳು ಅಂದಿದ್ದಳು, "ಅಣ್ಣಾರ, ನೀವು ನಮ್ಮ ಕಡಿಯವರೇನ್ರಿ? ಹಬ್ಬದ ಮರುದಿನ ಮನೀಗೆ ಬಂದೀರಿ, ಬಂಗಾರ ತಗೋರಿ." ಟೊಂಗೆ ಅವನ ಕೈಗಿಟ್ಟು, ಬಗ್ಗಿ ಕಾಲು ಮುಟ್ಟಿದ್ದಳು.

ನಾಗಪುರದಲ್ಲಿ ದಸರಾದ ಬಂಗಾರ ಅಂದರೆ ಆಪ್ಟಾದ ಎಲೆ, ಎರಡು ಹೋಳಿನ ಅಗಲ ಎಲೆ. ಅಪರಿಚಿತ ಬಾಗಿಲಲ್ಲಿ, ತನ್ನ ಊರಾದ ಇಂಡಿಯ ಮಾತಿನಲ್ಲಿ, ಬನ್ನಿ ಕೈಗಿಟ್ಟವರು ಇಷ್ಟು ವರ್ಷದಲ್ಲಿ ಯಾರೂ ಇರಲಿಲ್ಲ. ಬಸವಂತನ ಕಣ್ಣು ತುಂಬಿತ್ತು. ಬನ್ನಿ ಕೊಟ್ಟು ತಗೊಂಡ ಮೇಲೆ ಹಗೆಯವರೂ ಅಪ್ಪಿಕೊಳ್ಳಬೇಕು. ಬಂಗಾರ ಕೊಟ್ಟವಳಿಗೆ ಮುಖ ತೋರಿಸು ಅನ್ನುವುದು ಹೇಗೆ? ಪಕ್ಕದ ಮನೆಯ ಬೆಲ್ಲು ಒತ್ತಿ 'ಇವಳು ಹೇಗೆ?' ಎಂದು ಕೇಳುವುದು ಹೇಗೆ? ಕೇಳಲಿಲ್ಲ. ಮೆಟ್ಟಿಲ ಮೇಲೇ ನಿಂತು 'ಬರೋಬರ್' ಎಂದು ಬರೆದುಬಿಟ್ಟಿದ್ದ.

ಬೆಂಗಳೂರಿನ ಡಾಕ್ಟರಮ್ಮ ಇಂಡಿಯ ಮಾತಾಡಿ ಬನ್ನಿ ಕೊಟ್ಟಳೇ ಎಂಬ ಗುಮಾನಿ ಆವತ್ತು ಬರಬೇಕಿತ್ತು. ಇವತ್ತು ಬಂತು.

ಮತ್ತೊಂದು ಗುಮಾನಿಯೂ ಅದರ ಬಾಲ ಹಿಡಿದು ಬಂತು. ಇಲ್ಲಿನ ಕನ್ನಡದವರು ಬನ್ನಿ ತರುವುದು ಒಂದೇ ಕಡೆಯಿಂದ: ಮಹಾಲ್ ಪೇಟೆಯ ಕಾಶೀನಾಥ ಕಾಕಾನ ಅಂಗಳದ ಗಿಡದಿಂದ. ಆದರೆ ಕಾಕಾ ಕೊಡುವುದು ಬಿಡಿಸಿದ ಎಲೆ. ಮುಳ್ಳಿನ ಟೊಂಗೆಯನ್ನು ಅವರು ಯಾರಿಗೂ ಕೊಟ್ಟದ್ದನ್ನು ಬಸವಂತ ಕಂಡಿರಲಿಲ್ಲ.

ಜೊತೆಗೆ, ಸಾಲ ಬೇಕಾದವರ ಫೈಲು ಮಾಡಿಸಿ ಬ್ಯಾಂಕಿಗೆ ಮುಟ್ಟಿಸುವ ಏಜೆಂಟರೂ ಅದೇ ಕಾಕಾ. ಸಾಲದ ಒಳದಾರಿಯೂ ಅವರಿಗೆ ಗೊತ್ತು, ಬಸವಂತ ಯಾವುದಕ್ಕೆ ಕರಗುತ್ತಾನೆ ಎಂಬುದೂ ಗೊತ್ತು.

ಬಸವಂತ ಸ್ಕೂಟರಿಗೆ ಒದ್ದ.

ಮಹಾಲಿನ ಗಲ್ಲಿಗಳು ಎಷ್ಟು ಇಕ್ಕಟ್ಟೆಂದರೆ, ಎದುರುಬದುರು ಎರಡು ಸ್ಕೂಟರು ಬಂದರೆ ಒಬ್ಬರು ಉಸಿರು ಒಳಗೆಳೆದುಕೊಳ್ಳಬೇಕು. ಬಿಸಿಲೋ, ಕಾಗೆಗಳು ಹಾರುವುದು ಬಿಟ್ಟು ನೆರಳಿನಿಂದ ನೆರಳಿಗೆ ನಡೆದು ಹೋಗುತ್ತಿದ್ದವು. ಹಳೆಯ ವಾಡೆಯ ದಿಡ್ಡಿ ಬಾಗಿಲು ದಾಟಿದರೆ ಮಾತ್ರ ಅಂಗಳದಲ್ಲಿ ತಂಪು. ಬನ್ನಿ ಗಿಡದ ಕೆಳಗೆ ಹೊರಸು, ಹೊರಸಿನ ಮೇಲೆ ಕಾಶೀನಾಥ ಕಾಕಾ, ಪಕ್ಕದಲ್ಲಿ ಬೊಬ್ಬೆ ಹೊಡೆಯುವ ಕೂಲರು.

"ಬಾರೋ ಬಸಂತಾ. ಈ ಬಿಸಲಾಗ ನೀ ಹೊರಗ ಬಿದ್ದಿ ಅಂದ್ರ ಯಾರದೋ ಮನೀ ಮುರ್ಯಾಕ ಹೊಂಟಿ ಅಂತ."

"ನಿಮ್ಮ ಮನೀಗೇ ಬಂದೀನ್ರಿ ಕಾಕಾ."

ಕಾಕಾ ಹೊಟ್ಟೆ ಕುಲುಕಿಸಿ ನಕ್ಕರು. "ಮುರಿ, ಮುರಿ. ಮೊದಲ ಮಜ್ಜಿಗಿ ಕುಡಿ."

ಲೋಟ ಬಂತು, ಮೇಲೆ ಜೀರಿಗೆಯ ಪುಡಿ. ಬಸವಂತ ಮುಟ್ಟಲಿಲ್ಲ. ಇವತ್ತು ಉಣ್ಣದೆ ಎಣಿಸುವುದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದ. ಪಾಕೀಟಿನಿಂದ ಟೊಂಗೆ ತೆಗೆದು ಹೊರಸಿನ ಮೇಲಿಟ್ಟ.

ಕಾಕಾನ ನಗು ನಿಂತಿತು.

"ಇದು ನಿಮ್ಮ ಗಿಡದ್ದು ಹೌದಲ್ರಿ?"

"ನನ್ನ ಗಿಡದ್ದ. ನಿನಗೆಲ್ಲಿ ಸಿಕ್ತು?"

"ಒಬ್ಬಾಕಿ ಕೊಟ್ಟಾಳ. ಬ್ಯಾರೇದಾಕಿ ಹೆಸರಿನ ಮ್ಯಾಲ ಐದು ಲಕ್ಷ ಸಾಲ ಎತ್ತಿದಾಕಿ. ಸಾಲದ ಫೈಲ್ ಮಾಡಸೋರು ನೀವು. ಬನ್ನಿ ಹಂಚೋರೂ ನೀವು."

"ಅಂದ್ರ ನಾ ಕಳ್ಳ."

"ನೀವ ಹೇಳ್ರಿ."

"ಶಾಭಾಸ್!" ಕಾಕಾ ತೊಡೆ ತಟ್ಟಿಕೊಂಡರು. "ನಿನ್ನ ಮನೀ ಸಾಲದ ಫೈಲ್ ಯಾರು ಮಾಡಿಸಿದ್ರೋ?"

"ನೀವ್ರಿ."

"ಕಮಿಷನ್ ಅಂತ ಒಂದು ಪೈಸಾ ಮುಟ್ಟೀನೇನು?"

"ಇಲ್ರಿ."

"ನಿನ್ನ ಮಗಳ ಮದುವಿಯಾಗ ಮಂಡಿಗಿ ಬಡಿಸಾಕ ನಿಂತಾಂವ ಯಾರು? ನಿನ್ನ ಬೀಗರಿಗೆ ಸಿಟ್ಟು ಬಂದಾಗ ರೈಲ್ವೆ ಸ್ಟೇಷನ್ ತನಕ ಬೆನ್ನತ್ತಿ ಹೋಗಿ ಕರಕೊಂಡು ಬಂದಾಂವ ಯಾರು?"

"ನೀವ್ರಿ ಕಾಕಾ. ಅದಕ್ಕ ಪೋಲೀಸರ ಕಡೆ ಹೋಗದ ಇಲ್ಲಿಗೆ ಬಂದೀನಿ."

ಕಾಕಾ ಅವನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಆ ಕಳ್ಳಿ ಮನೀಗೆ ಹೋಗಿ, ಬರೋಬರ್ ಐತಿ ಅಂತ ಬರದಾಂವ ಯಾರು?"

ಬಸವಂತ ನೆಲ ನೋಡಿದ. ಇರುವೆಯೊಂದು ಒಣ ಎಲೆ ಎಳೆಯುತ್ತ ಹೊರಸಿನ ಕಾಲ ಸುತ್ತ ಹೋಗುತ್ತಿತ್ತು.

"ಹ್ಞೂಂ. ನೀನ." ಕಾಕಾ ಉಸಿರು ಬಿಟ್ಟರು. "ಮಾರಿ ನೋಡಿದೇನು ಆಕೀದು?"

"ಇಲ್ರಿ."

"ಮತ್ತೇನು ನೋಡಿದಿ?"

"ಬನ್ನಿ ನೋಡಿದೆ."

ಬಯ್ಯುತ್ತಾರೆಂದು ಬಸವಂತ ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಕಾಕಾ ಬಯ್ಯಲಿಲ್ಲ. ಟೊಂಗೆಯನ್ನು ಎತ್ತಿ, ಮುರಿದ ತುದಿಯ ಕೆಂಪು ದಾರವನ್ನು ಉಗುರಿನಿಂದ ಸವರಿದರು.

"ಹಬ್ಬಕ್ಕ ಬಂದೋರ ಕೈಗೆ ಮುಳ್ಳು ಚುಚ್ಚಬಾರದಂತ ನಾ ಎಲೀ ಬಿಡಿಸಿ ಕೊಡತೀನಿ. ನಿನಗ ಗೊತ್ತೈತಿ. ಟೊಂಗಿ ಮುರಿಯೂದು ಹರಕಿ ಹೊತ್ತೋರಿಗಷ್ಟ. ಮುರದ ಮ್ಯಾಲ ಗಿಡಕ್ಕ ಕೈಮುಗದು, ಆ ಟೊಂಗಿಗೆ ಕೆಂಪು ದಾರ ಕಟ್ಟತೀನಿ. ಈ ಗಂಟು ನಂದ."

"ಹ್ವಾದ ದಸರಾಕ್ಕ ಹರಕಿ ಟೊಂಗಿ ಯಾರಿಗೆಲ್ಲಾ ಕೊಟ್ರಿ?"

"ಮಜ್ಜಿಗಿ ಕುಡಿ."

"ಕಾಕಾ."

"ಮಜ್ಜಿಗಿ ಬಿಸಿ ಆಗತೈತೋ ತಮ್ಮಾ, ಕುಡಿ. ಕುಡದು ಮನೀಗೆ ಹೋಗು. ಇದನ್ನ ಮುಂದ ಕೆದಕಬ್ಯಾಡ."

"ಸೋಮವಾರ ಬಂದ್ರ ಆ ಹುಡುಗಿ ಮನೀ ಹೋಗತೈತಿ. ನನ್ನ ಕೈಯಿಂದ ಹೊಂಟೈತಿ. ಹೇಳದ ಹೊರತು ನಾ ಏಳಂಗಿಲ್ಲ."

ಕಾಕಾ ಗಿಡದ ಕಡೆ ನೋಡಿದರು, ಹೇಳಲೋ ಬೇಡವೋ ಎಂದು ಅದನ್ನೇ ಕೇಳುವವರಂತೆ.

"ಒಬ್ಬಾಕಿಗಷ್ಟ ಕೊಟ್ಟೀನಿ. 'ಕಾಕಾ, ಹಳೇ ಸಾಲೆಲ್ಲಾ ತೀರಲಿ, ನಮಗ ಮನೀ ಸಾಲ ಪಾಸಾಗಲಿ ಅಂತ ಹರಕಿ ಹೊತ್ತೀನಿ, ಇಡೀ ಟೊಂಗಿ ಕೊಡ್ರಿ' ಅಂದ್ಲು. ನಿನ್ನ ಹೇಣ್ತಿ. ಪ್ರಭಾ."

ಕೂಲರು ಬೊಬ್ಬೆ ಹೊಡೆಯುತ್ತಲೇ ಇತ್ತು.

"ಜೋಡಿ ಒಬ್ಬ ಹುಡುಗಿ ಬಂದಿದ್ಲು," ಅಂದರು ಕಾಕಾ. "ಮಾರಿಗೆ ಓಢಣಿ. ಯಾರವ್ವಾ ಅಂದ್ರ, 'ನಮ್ಮ ಕಡೀ ಹುಡುಗಿ' ಅಂದ್ಲು ಪ್ರಭಾ. ನಾ ಹೆಚ್ಚು ಕೇಳಲಿಲ್ಲ."

"ಪ್ರಭಾ ಅಂಥಾಕಿ ಅಲ್ರಿ."

"ಅಲ್ಲ. ನಾನೂ ಹಂಗ ಅಂತೀನಿ. ಒಂದ ಮಾತು ಹೇಳು. ಹಳೇ ಸಾಲದ ಕಂತು ನಿನ್ನ ಗಳಿಕಿಗೆ ಭಾಳ ಆತು, ತೀರಿಸಿ ಬಾ, ಇಲ್ಲಾಂದ್ರ ನಿನ್ನ ಮನೀ ಫೈಲ್ ಮುಂದ ಹೋಗಂಗಿಲ್ಲ ಅಂತ ನಾನ ಹೇಳಿದ್ನಲ್ಲ. ಮದುವಿ ಸಾಲ, ಸೊಸೈಟಿ ಸಾಲ, ಎಲ್ಲಾ ಒಂದ ಏಟಿಗೆ ಹೆಂಗ ತೀರಿತು?"

"ಪ್ರಭಾನ ಅಣ್ಣ ಲಕ್ಷ್ಮೀಕಾಂತ ಕೊಟ್ಟಾನ್ರಿ. ಆ ವರ್ಷದ ತೊಗರಿ ಮಾರಿ."

"ಯಾವಾಗ?"

"ದೀಪಾವಳಿ ಮುಂದ."

ಕಾಕಾ ಕೊನೆಗೆ ತಡೆಯಲಾರದೆ ಅಂದೇಬಿಟ್ಟರು: "ವಿಮಾನದ ಸಂಗಾಟ ಇದ್ದು ಇದ್ದು ನೀ ನೆಲ ಮರತಿ ಬಸಂತಾ. ದೀಪಾವಳಿಗೆ ತೊಗರಿ ಹೊಲದಾಗ ಹೂವು ಕಾಯಿ ಹಿಡದು ನಿಂತಿರತೈತಿ. ರಾಶಿ ಆಗೂದು ಸಂಕ್ರಾಂತಿ ಸುತ್ತ. ಲಕ್ಷ್ಮೀಕಾಂತ ಏನು ಹೂವು ಮಾರಿ ರೊಕ್ಕ ಕೊಟ್ನೇನು?"

ಬಸವಂತ ಮಜ್ಜಿಗೆಯ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ.

ಎಣಿಸಬೇಕಾದ ಜಂತೆ ಈ ಮನೆಯದಾಗಿರಲಿಲ್ಲ.

ವಾಡೆಯಿಂದ ಹೊರಬಿದ್ದವನು ನೇರ ಮನೆಗೆ ಹೋಗಲಿಲ್ಲ. ಊರೆಲ್ಲ ಸುತ್ತಿದ. ಪೆಟ್ರೋಲು ತೀರಿದ್ದರೆ ನೆಮ್ಮದಿಯಾಗುತ್ತಿತ್ತು, ಆ ಹಾಳು ಸ್ಕೂಟರು ಅವತ್ತೇ ಮೈಲೇಜು ಕೊಟ್ಟಿತು.

ಕಣ್ಣ ಮುಂದೆ ಬರುತ್ತಿದ್ದದ್ದು ತನ್ನ ಮನೆಯ ಗೋಡೆ. ಗೃಹಪ್ರವೇಶದ ದಿನ ಅವನು ಸ್ಟೂಲು ಹತ್ತಿ ಮೊಳೆ ಹೊಡೆದಿದ್ದ. ಅಪ್ಪನದೊಂದು, ಅವ್ವನದೊಂದು, ಸಮವಸ್ತ್ರದಲ್ಲಿ ತಾನು ಸೆಲ್ಯೂಟ್ ಹೊಡೆಯುವ ಫೋಟೋಗೊಂದು. ಪ್ರಭಾ ಕೆಳಗೆ ನಿಂತು "ಎಡಕ್ಕ, ಒಂಚೂರು ಎಡಕ್ಕ" ಅನ್ನುತ್ತಿದ್ದಳು. ಅತ್ತ ಇನ್ನೊಬ್ಬ ಅಪ್ಪ ಕುರ್ಚಿಯ ಮೇಲೆ ಕೂತು, ಮೊಳೆಗಾಗಿ ಕಾಯುತ್ತಿದ್ದ.

ಆ ಮನೆ ಸಾಲಕ್ಕೆ ಬ್ಯಾಂಕಿನವರು ಮೊದಲು 'ಇಲ್ಲ' ಅಂದ ದಿನ ಬಸವಂತ ಏನಂದಿದ್ದ? "ಈ ಜನ್ಮಕ್ಕ ನಮಗ ಬಾಡಿಗಿ ಮನೀನ ಗತಿ ಬಿಡು" ಅಂದಿದ್ದ. ಪ್ರಭಾ ರೊಟ್ಟಿ ಬಡಿಯುತ್ತಲೇ ಇದ್ದಳು. ದುಡ್ಡು ಬಂದ ದಿನವೂ ಅಷ್ಟೆ, "ಅಣ್ಣ ಕೊಟ್ಟ" ಅಂದಳು, ಇವನು "ದೊಡ್ಡ ಮನಸ್ಸಿನವ" ಅಂದ. ಊರವರ ಮನೆಯಲ್ಲಿ ಚಪ್ಪಲಿ ನೋಡಿ ಸುಳ್ಳು ಹಿಡಿಯುವವನು, ಸ್ವಂತ ಮನೆಯಲ್ಲಿ ಒಂದು ಫೋನು ಮಾಡಿ ಲಕ್ಷ್ಮೀಕಾಂತನಿಗೆ ಉಪಕಾರವಾಯಿತು ಎಂದೂ ಹೇಳಿರಲಿಲ್ಲ. ಹೇಳಲು ಮರೆತನೋ, ಕೇಳಲು ಹೆದರಿದನೋ? ಆ ಪ್ರಶ್ನೆ ಸಿಗ್ನಲ್ ಸಿಗ್ನಲಿಗೂ ಪಕ್ಕದಲ್ಲಿ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವನು ತನ್ನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿದ.

ಕೊನೆಯ ಮೆಟ್ಟಿಲ ಮೇಲೆ ಗ್ರೀಷ್ಮಾ ಕೂತಿದ್ದಳು. ಓಢಣಿ ಮಡಿಲಲ್ಲಿ, ಚಪ್ಪಲಿ ಪಕ್ಕಕ್ಕೆ. ಹಿಂದೆ ಅವನ ಮನೆಯ ಬಾಗಿಲು. ಮರದ ಬಾಗಿಲು ಗಾಳಿಗೆಂದು ತೆರೆದಿತ್ತು, ಸೊಳ್ಳೆ ಜಾಲಿಯ ಬಾಗಿಲಷ್ಟೇ ಹಾಕಿತ್ತು. ಒಳಗಿಂದ ರೊಟ್ಟಿ ಬಡಿಯುವ ಸದ್ದು.

"ಇಲ್ಯಾಕ ಕುಂತೀವ್ವಾ? ಒಳಗ ನಡಿ."

"ಬೆಲ್ ಮಾಡ್ಲಿಲ್ಲ ಅಂಕಲ್. ಒಂದು ಮಾತು ಕೇಳಿ ಆಮೇಲೆ ಒಳಗೆ ಬರೋಣ ಅಂತ." ಅವಳು ತಲೆಯೆತ್ತಿದಳು. ಅತ್ತು ಮುಗಿಸಿದ ಕಣ್ಣು. "ಬಸವಂತ ಅಂತ ನಾಗಪುರದಲ್ಲಿ ಎಷ್ಟು ಜನ ಇದಾರೆ ಅಂಕಲ್?"

ಸುಳ್ಳೊಂದು ಸಿದ್ಧವಾಗಿ ನಾಲಗೆಯ ತುದಿಗೆ ಬಂದು ನಿಂತಿತ್ತು. ಬಸವಂತ ಅದನ್ನು ನುಂಗಿದ.

"ಎಷ್ಟರ ಮಂದಿ ಇರಲಿ. ಆ ಮನೀಗೆ ಹೋದಾಂವ ನಾನ."

"ಎಷ್ಟು ಕೊಟ್ರು?"

"ಏನೂ ಇಲ್ಲ. ಮುಂಜಾನೆ ನಿನ್ನ ಕೈಯಾಗಿತ್ತಲ್ಲ, ಆ ಟೊಂಗಿ."

"ಕರಿಬೇವು." ಗ್ರೀಷ್ಮಾ ನಕ್ಕಳು, ನಗುವಿನಂತಿರದ ನಗು. "ಒಂದು ಕಡ್ಡಿಗೆ ನನ್ನ ಮನೆ ಕೊಟ್ರಾ? ಬೆಳಿಗ್ಗೆ ನಾನೇ ನಿಮ್ಮ ಬೆನ್ನು ತಟ್ಟಿದೆ. ಆಗ್ಲಾದ್ರೂ ಹೇಳ್ಬಹುದಿತ್ತಲ್ಲ. ಆ ಪೋಹಾ ದುಡ್ಡು ನಾನೇ ಕೊಡ್ಬೇಕಿತ್ತು, ನಿಮ್ಮ ಋಣ ಇರಬಾರದಿತ್ತು ನನಗೆ."

"ಬೈಯವ್ವಾ. ಇನ್ನಾ ಬೈ."

"ಬೈದ್ರೆ ನಿಮಗೆ ಹಗುರಾಗುತ್ತೆ. ಅದಕ್ಕೇ ಬೈಯಲ್ಲ."

ಅವಳು ಚಪ್ಪಲಿಗೆ ಕಾಲು ತೂರಿಸಿ ಎದ್ದಳು. ಅವನು ಗೋಡೆಗೆ ಆತುಕೊಂಡು ದಾರಿ ಬಿಟ್ಟ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅವಳು ಇಳಿದು ಹೋಗುತ್ತಿದ್ದಳು.

ಒಳಗೆ ಫೋನು ಮಾತಾಡಿತು. ಪ್ರಭಾಳ ಎರಡು ಕೈಗೂ ಹಿಟ್ಟು, ಫೋನು ಸ್ಪೀಕರಿನ ಮೇಲಿತ್ತು.

"ಅಕ್ಕಾ, ಅಣ್ಣಾರಿಗೆ ಇನ್ನಾ ಗೊತ್ತಾಗಿಲ್ಲ ಹೌದಲ್ರಿ?"

ಮುಖ ಕಾಣದೆ ಕೇಳಿದ ದನಿಯನ್ನು ಮರೆಯುವುದು ಕಷ್ಟ. ಬಂಗಾರ ತಗೋರಿ ಅಂದ ದನಿ ಇದೇ.

"ಇಲ್ಲ," ಅಂದಳು ಪ್ರಭಾ. "ಮುಂಜಾನೆ ಆ ಹುಡುಗಿನ್ನ ಭೇಟ್ಟಿ ಆಗಾಕ ಹೋದೋರು ಇನ್ನಾ ಬಂದಿಲ್ಲ."

"ಆವತ್ತು ಟೊಂಗಿ ಕೈಗಿಟ್ಟಾಗ ಕಣ್ಣಾಗ ನೀರು ತಂದಿದ್ರು ನೋಡ್ರಿ. ನೆನಸಿದ್ರ ಈಗೂ ಪಾಪ ಅನಸ್ತೈತಿ."

"ಪಾಪ ಅನ್ನೂದು ನನಗ ಬಿಡು. ಈ ಮನ್ಯಾಗ ನಿದ್ದಿ ಬರದ ಮಲಗಾಕಿ ನಾನು."

ಬಸವಂತ ತಿರುಗಿ ನೋಡಿದ. ಗ್ರೀಷ್ಮಾ ಇಳಿದಿರಲಿಲ್ಲ. ಅವನನ್ನೂ ನೋಡುತ್ತಿರಲಿಲ್ಲ. ಜಾಲಿಯ ಬಾಗಿಲನ್ನೇ ನೋಡುತ್ತಿದ್ದಳು, ಲ್ಯಾಬಿನಲ್ಲಿ ತನ್ನದೇ ರಕ್ತದಲ್ಲಿ ಕೆಟ್ಟ ರೋಗ ಕಂಡವಳ ಹಾಗೆ.

"ಈ ದನಿ..." ಅವಳು ಬಾಯಲ್ಲೇ ಅಂದುಕೊಂಡಳು.

"ನಿನಗ ಗೊತ್ತೇನು?" ಪಿಸುದನಿಯಲ್ಲಿ ಕೇಳಿದ ಬಸವಂತ.

ಅವಳು ಚೀಲದಿಂದ ಫೋನು ತೆಗೆದಳು. ಹೆಬ್ಬೆರಳು ಒಂದು ಸಲ ತಪ್ಪಿತು, ಎರಡನೇ ಸಲ ಒತ್ತಿತು. ಪರದೆಯ ಮೇಲೆ ನಿಕಿತಾ ಎಂಬ ಹೆಸರು ಬೆಳಗಿತು.

ಒಳಗಿನ ಸ್ಪೀಕರು ಅಂದಿತು, "ಅಕ್ಕಾ, ತಡೀರಿ. ಇನ್ನೊಂದು ಫೋನ್ ಬರಾಕತ್ತೈತಿ."

ರೊಟ್ಟಿ ಬಡಿಯುವ ಸದ್ದು ನಿಂತಿತು.

ಗ್ರೀಷ್ಮಾ ಫೋನನ್ನು ಕಿವಿಗಿಡಲಿಲ್ಲ. ಸ್ಪೀಕರು ಒತ್ತಿ, ಇಬ್ಬರ ನಡುವೆ ಅಂಗೈಯ ಮೇಲೆ ಹಿಡಿದಳು. ಅದೇ ದನಿ, ಈ ಸಲ ಅಪ್ಪಟ ಬೆಂಗಳೂರಿನ ಮಾತಿನಲ್ಲಿ, ಅಕ್ಕರೆಯಿಂದ ಕೇಳಿತು:

"ಹೇಳೇ ಗ್ರೀಷ್ಮಾ, ಎಲ್ಲಿದೀಯಾ? ಅನ್ನಕ್ಕಿಟ್ಟಿದೀನಿ, ಬೇಗ ಬಾರೇ."